ನೋಟು ಅಸಲಿ, ಷರಾ ನಕಲಿ: ವಾಂದೇ ಬಂಡಾಯದ ನೋಟು ಕೊಳ್ಳುವವರ ಗಮನಕ್ಕೆ

ಫ್ರಾನ್ಸಿನ ಮಹಾಕ್ರಾಂತಿಯ ಕಾಲದ ಕಾಗದದ ಹಣವನ್ನು ಸಂಗ್ರಹಿಸುವವರು, ಅದರಲ್ಲೂ ಮುತ್ತಿಗೆಗೆ ಸಿಕ್ಕ ನಗರಗಳಲ್ಲಿ ಮತ್ತು ಬಂಡೆದ್ದ ಪ್ರಾಂತ್ಯಗಳಲ್ಲಿ ತುರ್ತಿಗೆಂದು ಚಲಾವಣೆಗೆ ಬಂದ ನೋಟುಗಳನ್ನು ಹುಡುಕುತ್ತಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಕಳೆದ ವರ್ಷ ಆನ್‌ಲೈನ್ ಹರಾಜೊಂದರಲ್ಲಿ ಕೊಂಡ ಒಂದು ನೋಟಿನಲ್ಲಿ ನಾನು ಮೋಸಹೋದೆ. ಅದೇ ಕೈ ಬರೆದ ಇನ್ನೊಂದು ನೋಟು ಆಮೇಲೆ ಮಾರಾಟಕ್ಕೆ ಬಂದದ್ದನ್ನು ಕಂಡಿರುವುದರಿಂದ ಸುಮ್ಮನಿರಲು ಮನಸ್ಸಾಗುತ್ತಿಲ್ಲ.

ಚರ್ಚಿನಿಂದ ವಶಪಡಿಸಿಕೊಂಡ ಆಸ್ತಿಯ ಆಧಾರದ ಮೇಲೆ 1789ರ ಡಿಸೆಂಬರ್‌ನಲ್ಲಿ ಆರಂಭವಾದ, ಕ್ರಾಂತಿ ಸರ್ಕಾರದ ಅಸಿನ್ಯಾ ಎಂಬ ಕಾಗದದ ನೋಟುಗಳು, 1796ರ ಫೆಬ್ರವರಿ 19ರಂದು ಪ್ಯಾರಿಸ್ಸಿನ ಪ್ಲಾಸ್ ವಾಂದೋಮ್‌ನಲ್ಲಿ ಅವುಗಳ ಮುದ್ರಣ ಸಲಕರಣೆಗಳನ್ನು ಜನರೆದುರೇ ನಾಶಮಾಡುವ ಹೊತ್ತಿಗೆ ಆಗಿನ ಫ್ರೆಂಚ್ ನಾಣ್ಯಮಾನದಲ್ಲಿ ಸುಮಾರು 4,500 ಕೋಟಿ ಲಿವ್ರ್‌ಗಳಷ್ಟು ಅಚ್ಚಾಗಿದ್ದವು. ಹೀಗಾಗಿ ಸಾಮಾನ್ಯ ಅಸಿನ್ಯಾ ಇಂದಿಗೂ ಸುಲಭವಾಗಿ, ಅಗ್ಗವಾಗಿ ಸಿಗುತ್ತದೆ. ಅಪರೂಪವಾದದ್ದು ಬೇರೆ. 1793ರ ಜನವರಿ 21ರಂದು ಹದಿನಾರನೆಯ ಲೂಯಿಯ ಶಿರಚ್ಛೇದವಾಯಿತು. ಮಾರ್ಚ್‌ನಲ್ಲಿ ಪಶ್ಚಿಮ ಫ್ರಾನ್ಸಿನ ವಾಂದೇ ಪ್ರಾಂತ್ಯ ಗಣರಾಜ್ಯದ ವಿರುದ್ಧ ಬಂಡೆದ್ದಿತು. ಜುಲೈ 31ರಂದು ಗಣರಾಜ್ಯದ ಶಾಸನಸಭೆಯಾದ ರಾಷ್ಟ್ರೀಯ ಸಮಾವೇಶವು ರಾಜನ ಮುಖವಿದ್ದ, 100 ಲಿವ್ರ್‌ಗಿಂತ ಹೆಚ್ಚಿನ ಅಸಿನ್ಯಾಗಳನ್ನು ರದ್ದುಮಾಡಿತು. ಶಾತಿಯೋಂ ಪಟ್ಟಣದಲ್ಲಿ ಸೇರಿದ್ದ ಬಂಡಾಯಗಾರರ ಮಂಡಳಿ ಆಗಸ್ಟ್‌ನಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಗಣರಾಜ್ಯದ ಚಿಹ್ನೆಯಿರುವ ನೋಟುಗಳೇ ಸಲ್ಲವೆಂದೂ, ರಾಜನ ಮುಖವಿರುವ ನೋಟುಗಳು ರಾಜನ ಹೆಸರಿನಲ್ಲಿ ಷರಾ ಬರೆದು ರುಜು ಹಾಕಿದ ಮೇಲೆ ಸಲ್ಲುತ್ತವೆಂದೂ ಗೊತ್ತುಮಾಡಿತು. ಶಾಯಿಯಲ್ಲಿ ಬರೆದ ಆ ಎರಡು ಸಾಲೇ ಸಾಮಾನ್ಯ ನೋಟನ್ನು ಬಂಡಾಯದ ಹಣವಾಗಿಸಿತು, ಮತ್ತು ಇಂದು ಬೆಲೆಯನ್ನು ಹಲವು ಪಟ್ಟು ಏರಿಸುವುದೂ ಅದೇ ಎರಡು ಸಾಲು.

ನಾನು ಕೊಂಡದ್ದು 1790ರ ಸೆಪ್ಟೆಂಬರ್ 29ರ ಕಾಯಿದೆಯಡಿ ಹೊರಟ, ರಾಜನ ಮುಖವಿರುವ 50 ಲಿವ್ರ್‌ ನೋಟು. ಹಿಂಬದಿಯಲ್ಲಿ ಕಂದು ಶಾಯಿಯ ಷರಾ, ಕೆಳಗೆ ಎರಡು ರುಜು. ಹಳೆಯ ಕುಟುಂಬವೊಂದರ ಸಂಗ್ರಹದಿಂದ ಬಂದದ್ದೆಂದು ಮಾರಾಟಗಾರರು ಬರೆದಿದ್ದರು. ಹಲವು ತಿಂಗಳ ಉಳಿತಾಯವನ್ನು ಅದಕ್ಕೆ ಸುರಿದೆ. ಕೈಗೆ ಬಂದ ದಿನ ಬೆಳಕಿಗೆ ಹಿಡಿದು ನೀರುಗುರುತು ನೋಡಿದೆ, ಉಬ್ಬುಮುದ್ರೆಯ ಮೇಲೆ ಬೆರಳಾಡಿಸಿದೆ, ಅಚ್ಚಿನ ಗೆರೆಗಳನ್ನು ಇನ್ನೊಂದು ನೋಟಿನೊಂದಿಗೆ ಹೋಲಿಸಿದೆ. 1795ರಲ್ಲಿ ಫ್ರಾನ್ಸಿನ ಕಿಬರೋಂ ದಡದಲ್ಲಿಳಿದ ರಾಜನಿಷ್ಠರು ಇಂಗ್ಲೆಂಡಿನಲ್ಲಿ ಅಚ್ಚಾದ ಖೋಟಾ ಅಸಿನ್ಯಾಗಳನ್ನು ರಾಶಿಗಟ್ಟಲೆ ತಂದಿದ್ದರೆಂಬುದು ನನಗೆ ಗೊತ್ತಿತ್ತು, ಆದ್ದರಿಂದ ನನ್ನ ಅನುಮಾನವೆಲ್ಲ ಮುದ್ರಣದ ಮೇಲೆಯೇ ಇತ್ತು. ಎಲ್ಲವೂ ಸರಿಯಾಗಿತ್ತು. ನಾನು ದುಡ್ಡು ಕೊಟ್ಟದ್ದು ಷರಾಕ್ಕೆ, ಪರೀಕ್ಷಿಸಿದ್ದು ನೋಟನ್ನು.

ಏಳೆಂಟು ವಾರಗಳ ಬಳಿಕ ಅದೇ ಮಾರಾಟಗಾರರು 400 ಲಿವ್ರ್‌ ನೋಟೊಂದನ್ನು ಹರಾಜಿಗಿಟ್ಟರು. ಹಿಂಬದಿಯಲ್ಲಿ ಅದೇ ಷರಾ, ಅದೇ ಕೈಬರಹ. ಆದರೆ 1792ರ ನವೆಂಬರ್ 21ರ ಆ ನೋಟು ಗಣರಾಜ್ಯದ್ದು. ಅದರ ಮೇಲಿರುವುದು ರಾಜನ ಮುಖವಲ್ಲ, ಹದ್ದು ಮತ್ತು ಸ್ವಾತಂತ್ರ್ಯದ ಟೋಪಿ. ಸಲ್ಲದೆಂದು ತಾವೇ ಸಾರಿದ ನೋಟಿಗೆ ರಾಜನ ಹೆಸರಿನಲ್ಲಿ ಷರಾ ಹಾಕುವವರು ಯಾರು? ಕೂಡಲೇ ನನ್ನ ನೋಟನ್ನು ಹೊರತೆಗೆದು ಭೂತಗನ್ನಡಿಯ ಕೆಳಗಿಟ್ಟೆ.

ಉತ್ತರ ಸಿಕ್ಕಿದ್ದು ನಡುಮಡಿಕೆಯಲ್ಲಿ. ಚಿಂದಿಬಟ್ಟೆಯಿಂದ ಮಾಡಿದ ಆ ಕಾಲದ ಕಾಗದಕ್ಕೆ ತೆಳುವಾದ ಅಂಟಿನ ಲೇಪವಿರುತ್ತದೆ, ಅದು ಇರುವವರೆಗೆ ಶಾಯಿ ಹರಡುವುದಿಲ್ಲ. ನೋಟನ್ನು ನೂರಾರು ಬಾರಿ ಮಡಚಿ ಬಿಡಿಸಿದಾಗ ಮಡಿಕೆಯಲ್ಲಿ ಲೇಪ ಸವೆದು ನಾರು ಎದ್ದಿರುತ್ತದೆ. ಷರಾ ಮೊದಲು ಬರೆದು ಮಡಿಕೆ ಆಮೇಲೆ ಬಿದ್ದಿದ್ದರೆ, ಅಕ್ಷರದ ಗೆರೆ ಮಡಿಕೆಯ ಜಾಗದಲ್ಲಿ ಸವೆದು ತುಂಡಾಗಿರಬೇಕು. ನನ್ನ ನೋಟಿನಲ್ಲಿ ಗೆರೆ ಅಲ್ಲಿ ತುಂಡಾಗಿರಲಿಲ್ಲ, ದಪ್ಪವಾಗಿತ್ತು. ಮಡಿಕೆಯನ್ನು ದಾಟಿದ ಪ್ರತಿ ಅಕ್ಷರದಿಂದಲೂ ಶಾಯಿ ಎದ್ದ ನಾರುಗಳೊಳಗೆ ಇಳಿದು, ಜೇಡನ ಕಾಲುಗಳಂತೆ ಎರಡೂ ಬದಿಗೆ ಹರಡಿತ್ತು. ಅಂದರೆ ಕಾಗದ ಹಳೆಯದಾಗಿ, ಸವೆದು, ಎಷ್ಟೋ ಕಾಲದ ನಂತರ ಯಾರೋ ಅದರ ಮೇಲೆ ಬರೆದಿದ್ದಾರೆ. ಇಷ್ಟು ಸ್ಪಷ್ಟವಾದ ಗುರುತು ಎರಡು ತಿಂಗಳು ಮನೆಯಲ್ಲೇ ಇದ್ದೂ ನನಗೆ ಕಾಣದೆ ಹೋದದ್ದು ಇಂದಿಗೂ ನೋವು ಕೊಡುತ್ತದೆ.

ಮಾರಾಟಗಾರರಿಗೆ ಚಿತ್ರಗಳ ಸಮೇತ ಬರೆದೆ. ವಾಪಸಾತಿಯ ಗಡುವು ಮುಗಿದಿದೆಯೆಂದೂ, ತಾವು ಮಾರಿದ್ದು ಅಸಲಿ ಅಸಿನ್ಯಾವೇ ಎಂದೂ ಉತ್ತರ ಬಂತು. ಎರಡನೆಯ ಮಾತು ನಿಜ, ಅವರ ರಕ್ಷಣೆಗೆ ನಿಂತಿರುವುದೂ ಅದೇ. ವಿವರಣೆಯನ್ನು ಮತ್ತೆ ಓದಿದಾಗ ‘ಅಸಲಿ’ ಎಂಬ ವಿಶೇಷಣ ನೋಟಿಗೆ ಮಾತ್ರ ಅಂಟಿಕೊಂಡಿದ್ದು, ಷರಾದ ಬಗ್ಗೆ ‘ಇದೆ’ ಎಂಬುದಕ್ಕಿಂತ ಹೆಚ್ಚು ಹೇಳಿರಲಿಲ್ಲವೆಂದು ತಿಳಿಯಿತು.

ಆದ್ದರಿಂದ ಕೊಳ್ಳುವ ಮೊದಲೇ ಮಡಿಕೆ ಮತ್ತು ಶಾಯಿ ಸಂಧಿಸುವ ಜಾಗದ ದೊಡ್ಡ ಚಿತ್ರವನ್ನು ಕೇಳಿರಿ. ಕೊಡಲು ಒಪ್ಪದವರಿಂದ ಕೊಳ್ಳಬೇಡಿರಿ. ಷರಾ ಸಹಿತ ಅಸಲಿಯೆಂಬ ಮಾತನ್ನು ಬರಹದಲ್ಲಿ ಪಡೆಯಿರಿ. ನೋಟು ಪ್ಲಾಸ್ಟಿಕ್ ಹೊದಿಕೆಯಲ್ಲಿ ಪ್ರಮಾಣಪತ್ರದೊಂದಿಗೆ ಬಂದರೂ, ಆ ಪ್ರಮಾಣ ನೋಟಿಗೆ ಮಾತ್ರವೋ ಷರಾಕ್ಕೂ ಅನ್ವಯಿಸುತ್ತದೆಯೋ ಎಂದು ಚೀಟಿಯನ್ನು ಓದಿ ನೋಡಿರಿ. 1793ರ ಮುತ್ತಿಗೆಯಲ್ಲಿ ಜರ್ಮನಿಯ ಮೈಂಜ್ ನಗರದಲ್ಲಿದ್ದ ಫ್ರೆಂಚ್ ಪಡೆ ಹೊರಡಿಸಿದ ಚಿಲ್ಲರೆ ನೋಟುಗಳಲ್ಲಿ ಖೋಟಾ ಮಾಡುವವನು ಇಡೀ ನೋಟನ್ನೇ ತಯಾರಿಸಬೇಕು. ವಾಂದೇ ನೋಟಿಗೆ ಒಂದು ಲೇಖನಿ ಸಾಕು.

ನಾನು ಕಂಡ ಎರಡೂ ನೋಟುಗಳಲ್ಲಿ, ರಾಜ ಎಂಬರ್ಥದ ಫ್ರೆಂಚ್ ಪದದ ಮೊದಲ ಅಕ್ಷರದ ಬಲಗಾಲು ಸಾಲಿನಿಂದ ಕೆಳಗಿಳಿದು ಎಡಕ್ಕೆ ಕೊಕ್ಕೆಯಂತೆ ಬಾಗಿದೆ, ಮತ್ತು ಎರಡನೆಯ ರುಜುವಿನ ಕೆಳಗೆ ಒಂದರ ಪಕ್ಕ ಒಂದರಂತೆ ಮೂರು ಚುಕ್ಕೆಗಳಿವೆ. ಆ ಕೊಕ್ಕೆ ಮತ್ತು ಆ ಚುಕ್ಕೆಗಳು ಒಟ್ಟಿಗೆ ಕಂಡರೆ ಬೆಲೆ ಕೂಗಬೇಡಿರಿ.