ಡ್ಯೂಪ್ಲೆಕ್ಸ್, ಅಪಾರ್ಟ್‌ಮೆಂಟ್ ತಪಾಸಣೆ ಸೇವೆ: ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ?

ಕೀಲಿಕೈ ಪಡೆಯುವ ಮುನ್ನ ಮನೆಯನ್ನು ಮೂಲೆಮೂಲೆ ನೋಡಿ ವರದಿ ಕೊಡುತ್ತೇವೆ ಎನ್ನುವ ಸೇವೆಗಳು ಈಗ ಬೇಕಾದಷ್ಟಿವೆ. ಥರ್ಮಲ್ ಕ್ಯಾಮೆರಾ, ಲೇಸರ್ ಅಳತೆ, ತೇವಮಾಪಕ ಎಂದು ಉಪಕರಣಗಳ ಪಟ್ಟಿ ಮೊದಲು ಬರುತ್ತದೆ, ಆಮೇಲೆ ನೂರಾರು ಫೋಟೊಗಳ ವರದಿ. ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ, ಸೇವೆ ಕೊಳ್ಳಲು ಯೋಗ್ಯವೇ. ಆದರೆ ಅದರ ಬೆಲೆ ಇರುವುದು ತಪಾಸಣೆಗಾರ ಎಷ್ಟು ಹೊತ್ತು ಮನೆಯಲ್ಲಿರುತ್ತಾನೆ, ಎಷ್ಟು ನೀರು ಸುರಿಯುತ್ತಾನೆ ಎಂಬುದರಲ್ಲಿ. ಎರಡು ಕೋಣೆಯ ಫ್ಲಾಟನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸುವವರ ಬ್ಯಾಗಿನಲ್ಲಿ ಎಂಥ ಕ್ಯಾಮೆರಾ ಇದ್ದರೂ ಅಷ್ಟೇ.

ಬಚ್ಚಲಿನಿಂದ ಶುರುಮಾಡೋಣ, ಏಕೆಂದರೆ ಮನೆ ಸೇರಿದ ಮೇಲೆ ಅತಿ ಹೆಚ್ಚು ಜಗಳ ತರುವ ಜಾಗ ಅದೇ. ಟೈಲ್ಸ್ ಹಾಕಿದ ಮೇಲೆ ಅದರ ಕೆಳಗಿನ ಜಲನಿರೋಧಕ ಪದರ ಕಣ್ಣಿಗೆ ಬೀಳುವುದಿಲ್ಲ. ಅದು ಸರಿಯಿದೆಯೇ ಎಂದು ತಿಳಿಯಲು ನಂಬಬಹುದಾದ ದಾರಿ ನೀರು ನಿಲ್ಲಿಸಿ ನೋಡುವುದು. ನೆಲದ ಜಾಲರಿಯ ಕೆಳಗಿನ ಪೈಪಿಗೆ ರಬ್ಬರ್ ಪ್ಲಗ್ ಬಿಗಿದು, ಬಾಗಿಲ ಹೊಸ್ತಿಲಿಗೆ ತಾತ್ಕಾಲಿಕವಾಗಿ ಗಾರೆ ಅಥವಾ ಜೇಡಿಮಣ್ಣಿನ ಕಟ್ಟೆ ಕಟ್ಟಿ, ಸುಮಾರು 25 ಮಿ.ಮೀ. ನೀರು ತುಂಬಿಸಿ ಕನಿಷ್ಠ 24 ಗಂಟೆ ಬಿಡಬೇಕು. ನಾಲ್ಕು ಚದರ ಮೀಟರ್ ಬಚ್ಚಲಿಗೆ ಇದು ಬರೀ 100 ಲೀಟರ್. ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು ಮಟ್ಟ ಗುರುತಿಸಿ, ಪಕ್ಕದಲ್ಲೇ ಒಂದು ಅಗಲವಾದ ತಟ್ಟೆಯಲ್ಲಿ ನೀರಿಡಬೇಕು. ತಟ್ಟೆಯಲ್ಲಿ ಇಳಿದಷ್ಟೇ ಬಚ್ಚಲಲ್ಲೂ ಇಳಿದಿದ್ದರೆ ಅದು ಆವಿ. ಅದಕ್ಕಿಂತ ಹೆಚ್ಚು ಇಳಿದಿದ್ದರೆ ನೀರು ಎಲ್ಲೋ ದಾರಿ ಮಾಡಿಕೊಂಡಿದೆ.

ಇಲ್ಲಿ ಆಗುವ ತಪ್ಪುಗಳೂ ಇವೆ. ಪ್ಲಗ್ ಸಡಿಲವಾಗಿ ಪೈಪಿನೊಳಕ್ಕೇ ನೀರು ಇಳಿದರೆ ಮಟ್ಟ ತಗ್ಗುತ್ತದೆ, ಕೆಳಗಿನ ಸೂರು ಮಾತ್ರ ಒಣಗಿರುತ್ತದೆ. ಅದನ್ನು ಸೋರಿಕೆ ಎಂದು ಬರೆದ ವರದಿ ಬಿಲ್ಡರನ ಮುಂದೆ ನಿಲ್ಲುವುದಿಲ್ಲ. ಇದಕ್ಕಿಂತ ಕೆಟ್ಟದ್ದು ಮೇಲೆ ನೀರು ನಿಲ್ಲಿಸಿ ಕೆಳಗೆ ನೋಡದೇ ಹೋಗುವುದು. ಕೆಳಗಡೆ ಫಾಲ್ಸ್ ಸೀಲಿಂಗ್ ಮುಚ್ಚಿದ್ದರೆ ಅದರ ಕಿಂಡಿ ತೆಗೆಸಿ, ಪೈಪುಗಳು ಸ್ಲ್ಯಾಬ್ ದಾಟುವ ಜಾಗವನ್ನು ಟಾರ್ಚ್ ಹಿಡಿದು ನೋಡಬೇಕು. ಸೋರಿಕೆ ಸಾಮಾನ್ಯವಾಗಿ ಹುಟ್ಟುವುದು ಅಲ್ಲೇ: ಪೈಪಿನ ಸುತ್ತಲಿನ ಸಂದಿಗೆ ಕುಗ್ಗದ ಗ್ರೌಟ್ ಹಾಕುವ ಬದಲು ಇಟ್ಟಿಗೆ ಚೂರು, ಗಾರೆ ತುರುಕಿರುತ್ತಾರೆ. ಗಾರೆ ಒಣಗಿ ಕುಗ್ಗಿದಾಗ ಪೈಪಿನ ಸುತ್ತ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ನೀರಿಗೆ ಅಷ್ಟು ಸಾಕು.

ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ಬಚ್ಚಲ ನೆಲದ ಅಡಿಭಾಗ ಕೆಳಮನೆಯವರ ಸೂರು. ಅಲ್ಲಿಗೆ ಪ್ರವೇಶ ಕೇಳಿ ಪಡೆಯುವುದು ಯಾರ ಹೊಣೆ ಎಂದು ಸೇವೆಯವರನ್ನು ಮೊದಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ವರದಿಯಲ್ಲಿ ‘ಪ್ರವೇಶವಿರಲಿಲ್ಲ’ ಎಂಬ ಸಾಲು ಮಾತ್ರ ಸಿಗುತ್ತದೆ. ಎರಡು ಅಂತಸ್ತಿನ ಒಂದೇ ಮನೆಯಾದ ಡ್ಯೂಪ್ಲೆಕ್ಸ್‌ನಲ್ಲಿ ಈ ತೊಡಕಿಲ್ಲ, ಮೇಲಿನ ಬಚ್ಚಲು ಸೋರಿದರೆ ನಿಮ್ಮದೇ ನಡುಮನೆಯ ಮೇಲೆ. (ಅಮೆರಿಕದಲ್ಲಿ ಡ್ಯೂಪ್ಲೆಕ್ಸ್ ಎಂದರೆ ಎರಡು ಸಂಸಾರಗಳಿಗೆ ಎರಡು ಮನೆಗಳಿರುವ ಒಂದು ಕಟ್ಟಡ. ಅಲ್ಲಿನ ತಪಾಸಣೆ ಪಟ್ಟಿಗಳನ್ನು ಹಾಗೇ ಎತ್ತಿಕೊಂಡರೆ ಒಳಮೆಟ್ಟಿಲಿನ ವಿಷಯವೇ ಬಿಟ್ಟುಹೋಗಬಹುದು.)

ನೀರು ಬಿಟ್ಟ ಮೇಲೆ ವಾಟವನ್ನೂ ನೋಡಿಬಿಡಬೇಕು. ಬಚ್ಚಲ ನೆಲಕ್ಕೆ ಮೀಟರಿಗೆ 10ರಿಂದ 20 ಮಿ.ಮೀ. ಇಳಿಜಾರು ಇದ್ದರೆ ಸಾಕು. ಸ್ಪಿರಿಟ್ ಲೆವೆಲ್ ಇಟ್ಟು ಅಂಕಿ ಬರೆಯುವುದು ಒಳ್ಳೆಯದೇ, ಆದರೂ ಪ್ಲಗ್ ತೆಗೆದು ಹತ್ತು ನಿಮಿಷದ ನಂತರ ಎಲ್ಲೆಲ್ಲಿ ನೀರು ನಿಂತಿದೆ ಎಂದು ಫೋಟೊ ತೆಗೆಯುವುದು ಹೆಚ್ಚು ಉಪಯೋಗಿ. ಕಮೋಡಿನ ಹಿಂದೆ, ಬಾಗಿಲ ಮೂಲೆಯಲ್ಲಿ ನಿಂತ ನೀರನ್ನು ಯಾವ ಮೇಸ್ತ್ರಿಯೂ ಅಲ್ಲಗಳೆಯಲಾರ.

ಉಪಕರಣಗಳ ಬಗ್ಗೆ ಒಂದಿಷ್ಟು ಖಡಕ್ಕಾಗಿ ಹೇಳಬೇಕಿದೆ. ಥರ್ಮಲ್ ಕ್ಯಾಮೆರಾ ತೇವವನ್ನು ನೋಡುವುದಿಲ್ಲ, ಮೇಲ್ಮೈಯ ಉಷ್ಣತೆಯನ್ನಷ್ಟೇ ನೋಡುತ್ತದೆ. ಒದ್ದೆ ಗೋಡೆಯಿಂದ ನೀರು ಆವಿಯಾಗುವಾಗ ಅದು ತಣ್ಣಗಾಗಿ ನೀಲಿ ಕಲೆಯಾಗಿ ಕಾಣುತ್ತದೆ, ಸರಿ. ಆದರೆ ಎಸಿಯ ಗಾಳಿ ಬಡಿದ ಜಾಗವೂ, ಗೋಡೆಯೊಳಗೆ ಹಾದುಹೋದ ತಣ್ಣೀರು ಪೈಪೂ ಹಾಗೆಯೇ ಕಾಣುತ್ತವೆ. ಹೊಳಪಿನ ಟೈಲ್ಸ್ ಮೇಲೆ ಕಾಣುವುದು ಎಷ್ಟೋ ಸಲ ಎದುರಿಗಿರುವ ವಸ್ತುವಿನ ಪ್ರತಿಫಲನ. ಮೇಲಾಗಿ, ವಾರಗಟ್ಟಲೆ ಮಳೆಯಿಲ್ಲದೆ, ನಲ್ಲಿಯನ್ನೇ ತಿರುಗಿಸದೆ ಬಿದ್ದಿರುವ ಖಾಲಿ ಮನೆಯಲ್ಲಿ ಒಣ ಗೋಡೆಯ ಚಿತ್ರ ಬರುತ್ತದೆಯೇ ಹೊರತು ಸೋರದ ಗೋಡೆಯ ಚಿತ್ರವಲ್ಲ. ಕ್ಯಾಮೆರಾಕ್ಕೆ ಅರ್ಥ ಬರುವುದು ಬಚ್ಚಲಲ್ಲಿ 24 ಗಂಟೆ ನೀರು ನಿಂತ ಮೇಲೆ, ಕಿಟಕಿಗಳಿಗೆ ಹೊರಗಿನಿಂದ ನೀರು ಹೊಡೆದ ಮೇಲೆ.

ತೇವಮಾಪಕದ್ದೂ ಹೆಚ್ಚುಕಡಿಮೆ ಇದೇ ಕಥೆ. ಎರಡು ಮುಳ್ಳುಗಳಿರುವ ಮಾಪಕ ಅವುಗಳ ನಡುವಿನ ವಿದ್ಯುತ್ ರೋಧವನ್ನು ಅಳೆಯುತ್ತದೆ. ಅದರ ಶೇಕಡಾ ಅಂಕಿ ಸಾಮಾನ್ಯವಾಗಿ ಮರಕ್ಕೆ ಹೊಂದಿಸಿದ್ದು. ಪ್ಲಾಸ್ಟರ್ ಮೇಲೆ ಚುಚ್ಚಿ ‘ತೇವಾಂಶ ಶೇ. 18’ ಎಂದು ಬರೆದರೆ ಆ ಅಂಕಿಗೆ ಅರ್ಥವಿಲ್ಲ. ಗೋಡೆಯ ಮೇಲೆ ಬಿಳಿ ಉಪ್ಪು ಹೂತಿದ್ದರೆ, ಒಣಗಿದ್ದರೂ ಅಂಕಿ ಏರುತ್ತದೆ. ಮುಳ್ಳಿಲ್ಲದ ಮಾಪಕಕ್ಕೆ ಒಳಗಿನ ಕಬ್ಬಿಣದ ಸರಳು, ಪ್ಲಾಸ್ಟರ್ ಜಾಲರಿ ಸಿಕ್ಕರೂ ಸಾಕು, ಕೆಂಪು ದೀಪ ಹತ್ತುತ್ತದೆ. ಬಲ್ಲವರು ಅದೇ ಗೋಡೆಯ ಒಣ ಭಾಗದಲ್ಲೊಂದು, ಅನುಮಾನದ ಭಾಗದಲ್ಲೊಂದು ಅಂಕಿ ತೆಗೆದು ಎರಡನ್ನೂ ಪಕ್ಕಪಕ್ಕ ಬರೆಯುತ್ತಾರೆ. ಸೇವೆಯವರ ಮಾದರಿ ವರದಿ ತರಿಸಿ ನೋಡಿ. ಹೋಲಿಕೆಯ ಅಂಕಿ ಇಲ್ಲದಿದ್ದರೆ ಮಾಪಕ ಅಲಂಕಾರಕ್ಕಿದೆ ಎಂದೇ ತಿಳಿಯಿರಿ.

ವಿದ್ಯುತ್ ತಪಾಸಣೆಯಲ್ಲಿ ಹೆಚ್ಚಿನವರು ಮೂರು ದೀಪದ ಸಾಕೆಟ್ ಟೆಸ್ಟರ್ ಚುಚ್ಚಿ, ಹಸಿರು ಬಂತು ಎಂದು ಟಿಕ್ ಹಾಕುತ್ತಾರೆ. ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೆ, ಅರ್ಥ್ ತಂತಿಯೇ ಇಲ್ಲದಿದ್ದರೆ ಅದು ಹೇಳುತ್ತದೆ, ನಿಜ. ನ್ಯೂಟ್ರಲ್ ಮತ್ತು ಅರ್ಥ್ ಪರಸ್ಪರ ಬದಲಾಗಿದ್ದರೆ ಮಾತ್ರ ಅದೇ ದೀಪಗಳು ‘ಎಲ್ಲ ಸರಿ’ ಎನ್ನುತ್ತವೆ. ಅರ್ಥ್ ಎಷ್ಟು ಗಟ್ಟಿ ಎಂದೂ ಅದಕ್ಕೆ ತಿಳಿಯದು. ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಆರುವ ಸ್ವಿಚ್) ಮೇಲಿನ ಟೆಸ್ಟ್ ಗುಂಡಿ ಒತ್ತಿದಾಗ ಅದು ಬಿದ್ದರೆ ಒಳಗಿನ ಯಂತ್ರ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ, ನಿಮ್ಮ ಸಾಕೆಟ್ಟಿಗೆ ಅರ್ಥ್ ಬಂದಿದೆ ಎಂದಲ್ಲ. ಒಳ್ಳೆಯ ಸೇವೆಯವರು ಲೂಪ್ ಟೆಸ್ಟರ್, ಆರ್‌ಸಿಸಿಬಿ ಟೆಸ್ಟರ್ ಎರಡನ್ನೂ ತಂದು, ಅರ್ಥ್ ದಾರಿಯ ರೋಧವನ್ನೂ, ಆರ್‌ಸಿಸಿಬಿ ಎಷ್ಟು ಮಿಲಿಸೆಕೆಂಡಿನಲ್ಲಿ ಬೀಳುತ್ತದೆ ಎಂಬುದನ್ನೂ ಅಂಕಿಯಲ್ಲಿ ಬರೆಯುತ್ತಾರೆ. 30 ಮಿಲಿಆಂಪಿಯರ್‌ನ ಸಾಮಾನ್ಯ ಆರ್‌ಸಿಸಿಬಿ ಅಷ್ಟೇ ಸೋರಿಕೆಗೆ 300 ಮಿಲಿಸೆಕೆಂಡಿನೊಳಗೆ ಬೀಳಬೇಕು. ಡ್ಯೂಪ್ಲೆಕ್ಸ್ ಆದರೆ ಇನ್ನೊಂದು ಪ್ರಶ್ನೆ: ಮೇಲಂತಸ್ತಿಗೆ ಪ್ರತ್ಯೇಕ ಎಂಸಿಬಿ (ಹೊರೆ ಹೆಚ್ಚಾದರೆ ವಿದ್ಯುತ್ ಕಡಿಯುವ ಸ್ವಿಚ್) ಪೆಟ್ಟಿಗೆ ಇದೆಯೇ, ಮೆಟ್ಟಿಲ ದೀಪ ಎರಡೂ ಕಡೆಯಿಂದ ಹತ್ತಿ ಆರುತ್ತದೆಯೇ. ಆ ಎರಡನೇದನ್ನು ಪರೀಕ್ಷಿಸಲು ಅರ್ಧ ನಿಮಿಷ ಬೇಕು, ಆದರೂ ಬಿಟ್ಟುಹೋಗುವುದುಂಟು.

ಒಳಮೆಟ್ಟಿಲಿನ ಬಗ್ಗೆ ಹೆಚ್ಚಿನ ವರದಿಗಳು ‘ರೇಲಿಂಗ್ ಗಟ್ಟಿಯಿದೆ’ ಎಂದು ಬರೆದು ಮುಂದೆ ಹೋಗುತ್ತವೆ. ಅಳೆಯಬೇಕಾದದ್ದು ಪ್ರತಿ ಮೆಟ್ಟಿಲ ಎತ್ತರ, ಒಂದೊಂದಾಗಿ. ಕಾಲು ಮೊದಲ ಎರಡು ಮೆಟ್ಟಿಲಲ್ಲೇ ಲಯ ಕಲಿತು ಮುಂದೆ ನೋಡದೆ ಹತ್ತುತ್ತದೆ, ಲಯ ತಪ್ಪಿದಲ್ಲಿ ಎಡವುತ್ತದೆ. ಅಮೆರಿಕದ ವಸತಿ ಸಂಹಿತೆ ಒಂದೇ ಸಾಲಿನ ಮೆಟ್ಟಿಲುಗಳ ಎತ್ತರದಲ್ಲಿ 9.5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವನ್ನು ಒಪ್ಪುವುದಿಲ್ಲ. ತಪ್ಪು ಸಾಮಾನ್ಯವಾಗಿ ಮೊದಲ ಮತ್ತು ಕೊನೆಯ ಮೆಟ್ಟಿಲಲ್ಲಿ ಸಿಗುತ್ತದೆ. ಕಾಂಕ್ರೀಟ್ ಹಾಕುವಾಗ ಎಲ್ಲವೂ ಸಮವಾಗಿರುತ್ತವೆ. ಆಮೇಲೆ ಕೆಳಗಿನ ನೆಲಕ್ಕೆ 50 ಮಿ.ಮೀ. ದಪ್ಪದ ಗಾರೆ, ಟೈಲ್ಸ್ ಬಂದು, ಮೆಟ್ಟಿಲುಗಳಿಗೆ 30 ಮಿ.ಮೀ. ಮಾತ್ರ ಬಂದರೆ, ಮೊದಲ ಮೆಟ್ಟಿಲು 20 ಮಿ.ಮೀ. ಕುಳ್ಳಾಗಿ ಕೂರುತ್ತದೆ. ಎರಡು ಮೆಟ್ಟಿಲ ಎತ್ತರ, ಒಂದು ಮೆಟ್ಟಿಲಲ್ಲಿ ಕಾಲಿಡುವ ಜಾಗದ ಅಗಲ ಕೂಡಿದರೆ 600ರಿಂದ 640 ಮಿ.ಮೀ. ಆಸುಪಾಸು ಬಂದರೆ ಹತ್ತಲು ಹಿತ. ತಲೆಯ ಮೇಲೆ ಎರಡು ಮೀಟರಾದರೂ ಜಾಗ ಬೇಕು, ಅದನ್ನು ಮೆಟ್ಟಿಲ ಮೂಗಿನಿಂದ, ಅಂದರೆ ಮುಂದಿನ ಅಂಚಿನಿಂದ, ನೆಟ್ಟಗೆ ಮೇಲಕ್ಕೆ ಅಳೆಯಬೇಕು. ರೇಲಿಂಗ್ ಸಂದಿಯಲ್ಲಿ 100 ಮಿ.ಮೀ. ಚೆಂಡು ತೂರಿದರೆ ಮಗುವಿನ ತಲೆಯೂ ತೂರೀತು.

ಟೈಲ್ಸ್ ಮೇಲೆ ಕೋಲಿನಿಂದ ತಟ್ಟಿ ಪೊಳ್ಳು ಶಬ್ದ ಗುರುತಿಸುವುದನ್ನು ಎಲ್ಲರೂ ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ಮೂಲೆಗಳಿಗಷ್ಟೇ ಗಾರೆ ಮೆತ್ತಿ ಒತ್ತಿದ ಟೈಲ್ಸ್ ನಡುವೆ ಪೊಳ್ಳಾಗಿರುತ್ತದೆ. ವರದಿಯಲ್ಲಿ ಅಂಥವನ್ನು ಬರೀ ಎಣಿಸದೆ ನೆಲದ ನಕ್ಷೆಯಲ್ಲಿ ಗುರುತು ಹಾಕಿಸಿಕೊಳ್ಳಿ.

ಬಿರುಕುಗಳ ವಿಷಯದಲ್ಲಿ ಗಾಬರಿ ಹುಟ್ಟಿಸುವ ವರದಿಗಳೇ ಹೆಚ್ಚು. ಇಟ್ಟಿಗೆ ಗೋಡೆ ತೊಲೆಯ ಕೆಳಗೆ ಸೇರುವಲ್ಲಿ ಅಡ್ಡಕ್ಕೆ, ಕಂಬಕ್ಕೆ ಸೇರುವಲ್ಲಿ ಉದ್ದಕ್ಕೆ ಕಾಣುವ ತೆಳು ಬಿರುಕಿಗೆ ಎರಡು ಬೇರೆ ವಸ್ತುಗಳು ಬೇರೆಬೇರೆಯಾಗಿ ಕುಗ್ಗುವುದೇ ಸಾಮಾನ್ಯ ಕಾರಣ. ಅಲ್ಲಿ ಜಾಲರಿ ಹಾಕಿ ಪ್ಲಾಸ್ಟರ್ ಮಾಡಿದ್ದರೆ ಬಹುಶಃ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು. ತೊಲೆ, ಕಂಬದ ಮೈಮೇಲೇ ಇರುವುದು, ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಓಡುವುದು, ಗೋಡೆಯ ಎರಡೂ ಬದಿಗೆ ಕಾಣುವುದು, ಇವಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಬರಬೇಕು. ತಪಾಸಣೆಗಾರ ಅವನಲ್ಲ. ತನ್ನ ಕೆಲಸ ಎಲ್ಲಿ ನಿಲ್ಲುತ್ತದೆ ಎಂದು ವರದಿಯಲ್ಲಿ ಬರೆಯುವವನು ಪ್ರಾಮಾಣಿಕ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೀಟೆಳೆದು ತಾರೀಕು ಬರೆದು ಹೋಗುವವನು ಇನ್ನೂ ಒಳ್ಳೆಯವನು, ಏಕೆಂದರೆ ಅಗಲಕ್ಕಿಂತ ಅದು ಬೆಳೆಯುತ್ತಿದೆಯೇ ಎಂಬುದು ಮುಖ್ಯ.

ನೀರಿನ ಒತ್ತಡಕ್ಕೆ ಗೇಜ್ ಬೇಕೆಂದೇನಿಲ್ಲ. ಮೇಲಂತಸ್ತಿನ ಶವರಿನ ಕೆಳಗೆ 10 ಲೀಟರ್ ಬಕೆಟ್ ಇಟ್ಟು, ಕೆಳಗಿನ ನಲ್ಲಿಯನ್ನೂ ತೆರೆದು ಗಡಿಯಾರ ನೋಡಿ. ಒಂದು ನಿಮಿಷದ ಆಸುಪಾಸಿನಲ್ಲಿ ತುಂಬಿದರೆ ಚಿಂತೆಯಿಲ್ಲ, ಎರಡು ನಿಮಿಷ ದಾಟಿದರೆ ಶವರ್ ಶೋಕಿಗಷ್ಟೇ. ತೊಟ್ಟಿಯಲ್ಲಿನ ನೀರಿನ ಮಟ್ಟ ಶವರಿಗಿಂತ ಮೂರು ಮೀಟರ್ ಮೇಲಿದ್ದರೆ ಸಿಗುವ ಒತ್ತಡ ಹತ್ತಿರ ಹತ್ತಿರ 0.3 ಬಾರ್ ಮಾತ್ರ. ಮೇಲ್ಮಹಡಿಯ ಮನೆಗಳು ಸೋಲುವುದು ಇಲ್ಲೇ, ಪೈಪು ಬದಲಿಸಿದರೆ ಹೋಗುವ ತೊಂದರೆಯಲ್ಲ, ಒತ್ತಡದ ಪಂಪು ಬೇಕು. ಬಕೆಟ್ ತುಂಬುವಷ್ಟರಲ್ಲಿ ಮೇಲಿನ ಕಮೋಡನ್ನು ಫ್ಲಶ್ ಮಾಡಿ, ಕೆಳಗಿನ ಸಿಂಕಿನಲ್ಲಿ ಗುಳುಗುಳು ಸದ್ದು ಬರುತ್ತದೆಯೇ ಕೇಳಿಸಿಕೊಳ್ಳಿ. ಬಂದರೆ ಗಾಳಿಕೊಳವೆ ಸರಿಯಿಲ್ಲ. ಟ್ರ್ಯಾಪಿನ (ವಾಸನೆ ತಡೆಯಲು ನೀರು ನಿಲ್ಲುವ ಬಾಗು ಪೈಪಿನ) 50 ಮಿ.ಮೀ. ನೀರನ್ನು ಪೈಪು ಹೀರಿಕೊಂಡು, ನಾಳೆ ಚರಂಡಿ ವಾಸನೆ ಮನೆಯೊಳಕ್ಕೆ ಬರುತ್ತದೆ.

ಯಾವ ಸೇವೆಯೂ ಸರಿಯಾಗಿ ಕೊಡದ ಸಂಗತಿ ಶಬ್ದ. ಮೇಲಿನವರು ಕುರ್ಚಿ ಎಳೆಯುವುದು, ಪಕ್ಕದವರ ಟಿವಿ, ರಾತ್ರಿ ಗೋಡೆಯೊಳಗಿನ ಪೈಪಿನಲ್ಲಿ ಇಳಿಯುವ ನೀರು ಖಾಲಿ ಕಟ್ಟಡದಲ್ಲಿ ಕೇಳಿಸುವುದಿಲ್ಲ, ತಪಾಸಣೆಯ ಪಟ್ಟಿಯಲ್ಲೂ ಇರುವುದಿಲ್ಲ. ಬಾಡಿಗೆಗೆ ಅಥವಾ ಹಳೆಯ ಮನೆ ಕೊಳ್ಳಲು ಹೋಗುವವರು ರಾತ್ರಿ ಎಂಟರ ಮೇಲೊಮ್ಮೆ ಮನೆಯಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತು ಬರುವುದೇ ಮೇಲು.

ಬಾಡಿಗೆದಾರರಿಗೆ ಪೂರ್ತಿ ತಪಾಸಣೆ ದಂಡ. ಅವರಿಗೆ ಬೇಕಾದದ್ದು ಮುಂಗಡ ಹಣ ವಾಪಸು ಕೇಳುವಾಗ ತೋರಿಸಲು ದಾಖಲೆ: ತಾರೀಕಿರುವ ವಿಡಿಯೊ, ಮೀಟರ್ ಅಂಕಿಗಳು, ಕೀಲಿಕೈಗಳ ಲೆಕ್ಕ, ಮೊದಲೇ ಇದ್ದ ಕಲೆ ಬಿರುಕುಗಳ ಪಟ್ಟಿ, ಅದಕ್ಕೆ ಮಾಲೀಕರ ಸಹಿ.

ಒಪ್ಪಂದಕ್ಕೆ ಮುನ್ನ ಕೇಳಬೇಕಾದ ಮಾತುಗಳಿವೆ. ತಪಾಸಣೆ ಮಾಡುವವರೇ ರಿಪೇರಿ ಗುತ್ತಿಗೆಯನ್ನೂ ಹಿಡಿಯುತ್ತಾರೆಯೇ? ಹಿಡಿದರೆ ದೋಷ ಹೆಚ್ಚಾದಷ್ಟೂ ಅವರಿಗೆ ಲಾಭ. ಬಿಲ್ಡರ್ ಸೂಚಿಸಿದವರಾದರೆ ದೋಷ ಕಡಿಮೆಯಾದಷ್ಟೂ ಲಾಭ. ತಾರಸಿ, ಲಿಫ್ಟ್, ನೀರಿನ ಸಂಪು ಇವೆಲ್ಲ ‘ಸಾಮಾನ್ಯ ಪ್ರದೇಶ’ ಎಂದು ಹೊರಗಿಡುವುದು ವಾಡಿಕೆ. ಆದರೆ ಮೇಲ್ಮಹಡಿಯವರಿಗೆ ತಾರಸಿಯೇ ಸೂರು, ಅದನ್ನು ಹೆಸರಿಸಿ ಸೇರಿಸಿಕೊಳ್ಳಬೇಕು. ವರದಿ 200 ಪುಟ ಬಂದರೆ ಸಂತೋಷಪಡಬೇಡಿ. ಬಣ್ಣದ ಕಲೆಗೂ ಸೋರುವ ಪೈಪಿಗೂ ಒಂದೇ ತೂಕ ಕೊಟ್ಟರೆ ಬಿಲ್ಡರ್ ಬಣ್ಣ ಬಳಿದು, ‘ಶೇ. 90 ಮುಗಿಯಿತು’ ಎಂದು ಕೈತೊಳೆದುಕೊಳ್ಳುತ್ತಾನೆ. ವಾಸಕ್ಕೆ ಮುನ್ನ ಆಗಲೇಬೇಕಾದ್ದು, ಆಮೇಲಾದರೂ ನಡೆಯುವುದು ಎಂದು ಮೊದಲ ಪುಟದಲ್ಲೇ ವಿಂಗಡಿಸಿ ಕೊಡಲು ಹೇಳಿ.

ಕೊನೆಯದಾಗಿ ಎರಡನೇ ಭೇಟಿ ಶುಲ್ಕದಲ್ಲಿ ಸೇರಿದೆಯೇ ನೋಡಿ. ಸೋರಿದ ಬಚ್ಚಲಿಗೆ ಟೈಲ್ಸ್ ಸಂದಿಯಲ್ಲಿ ಹೊಸ ಗ್ರೌಟ್ ತುಂಬಿ ‘ಸರಿಯಾಯಿತು’ ಎನ್ನುವುದು ಹಳೆಯ ಚಾಳಿ, ಒಳಗಿನ ಜಲನಿರೋಧಕ ಪದರ ಹಾಗೇ ಹರಿದಿರುತ್ತದೆ. ಎರಡನೇ ಭೇಟಿಯೆಂದರೆ ಹಳೆಯ ಫೋಟೊದ ಪಕ್ಕ ಹೊಸ ಫೋಟೊ ಅಂಟಿಸುವುದೋ, ಮತ್ತೆ ಪ್ಲಗ್ ಬಿಗಿದು ಇನ್ನೊಂದು 24 ಗಂಟೆ ನೀರು ನಿಲ್ಲಿಸುವುದೋ ಎಂದು ಬರಹದಲ್ಲಿ ಪಡೆದುಕೊಂಡೇ ಮುಂಗಡ ಕೊಡಿ.