ಅಮ್ಮನ ಲೆಕ್ಕಕ್ಕೆ ಯಾವುದು ಸರಿ: ಬ್ಯಾಂಡೋ, ಫೋನೋ, ಹಾಲಿನ ಕ್ಯಾಲೆಂಡರೋ?

ಅಮ್ಮನಿಗೆ 76. ಸಕ್ಕರೆ ಕಾಯಿಲೆ ಶುರುವಾಗಿ 22 ವರ್ಷ. ಹೋದ ಮಳೆಗಾಲದ ಹೊತ್ತಿಗೆ ತೂಕ 47 ಕಿಲೋದಿಂದ 43ಕ್ಕೆ ಇಳಿದಿತ್ತು. ಕುರ್ಚಿಯಿಂದ ಏಳಬೇಕಾದರೆ ಎರಡೂ ಕೈ ಊರಬೇಕು. ಒಂದೊಂದು ಸಲ ಅರ್ಧ ಎದ್ದು ಮತ್ತೆ ದೊಪ್ಪನೆ ಕೂತುಬಿಡುತ್ತಿದ್ದಳು. "ವಯಸ್ಸಾಯ್ತಲ್ಲ ಕಣೇ, ಇನ್ನೇನು" ಅನ್ನೋಳು.

ಡಾಕ್ಟರು ಅದನ್ನು ವಯಸ್ಸು ಅಂತ ಬಿಡಲಿಲ್ಲ. ತಾನಾಗಿ ತೂಕ ಇಳಿಯೋದು, ಸುಸ್ತು, ಓಡಾಟ ಕಡಿಮೆಯಾಗೋದು, ನಡಿಗೆ ನಿಧಾನವಾಗೋದು, ಕೈಹಿಡಿತ ಸಡಿಲವಾಗೋದು. ಈ ಐದರಲ್ಲಿ ಮೂರಿದ್ದರೆ ಅದನ್ನು 'ಫ್ರೇಲ್ಟಿ', ಅಂದರೆ ದೇಹ ಸೊರಗಿ ಬಲ ಕುಂದಿದ ಸ್ಥಿತಿ, ಅನ್ನುತ್ತಾರೆ. ಅಮ್ಮನಿಗೆ ನಾಲ್ಕಿತ್ತು. "ಓಡಾಡಿಸಿ, ಲೆಕ್ಕ ಇಡಿ" ಅಂದರು. ಯಾವುದರಲ್ಲಿ ಲೆಕ್ಕ ಇಡಬೇಕು ಅಂತ ನಾನೂ ಕೇಳಲಿಲ್ಲ. ಆಮೇಲೆ ಏಳು ತಿಂಗಳಲ್ಲಿ ನಾಲ್ಕು ಬಗೆ ನೋಡಿದೆವು. ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಬಂದದ್ದು ಕೈಗೆ ಕಟ್ಟುವ ಬ್ಯಾಂಡ್. ತಮ್ಮ ಬೆಂಗಳೂರಿನಿಂದ ತಂದುಕೊಟ್ಟ. ಅದರಲ್ಲಿ ದಿನಕ್ಕೆ 10,000 ಹೆಜ್ಜೆಯ ಗುರಿ ಮೊದಲೇ ಕೂತಿತ್ತು. ಈ ಸಂಖ್ಯೆ ಯಾವ ಡಾಕ್ಟರೂ ಬರೆದುಕೊಟ್ಟದ್ದಲ್ಲ. 1965ರಲ್ಲಿ ಜಪಾನಿನಲ್ಲಿ 'ಮಾನ್‌ಪೊ-ಕೇ' ಅನ್ನೋ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ಬಂತು. ಆ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮೀಟರ್. ಅಲ್ಲಿಂದ ಅದು ಎಲ್ಲರ ಕೈಗೂ ಬಂದು ಕೂತಿದೆ. ನಾನು ಗುರಿಯನ್ನು 1,500ಕ್ಕೆ ಇಳಿಸಿದೆ. ಆದರೂ ಸಂಜೆಯಾದರೆ ಅಮ್ಮ ಮಣಿಕಟ್ಟು ನೋಡಿಕೊಂಡು "ಇವತ್ತೂ ಆಗಲಿಲ್ಲ" ಅನ್ನೋಳು. ನನಗೆ ಅದು ತುಂಬ ಬೇಜಾರಾಗುತ್ತಿತ್ತು.

ಬ್ಯಾಂಡ್ ಎಷ್ಟು ಸರಿಯಾಗಿ ಎಣಿಸುತ್ತೆ ಅಂತ ಒಂದು ದಿನ ಜಗಲಿಯಲ್ಲಿ ಪರೀಕ್ಷೆ ಮಾಡಿದೆ. ನಾನೇ ಬಾಯಲ್ಲಿ ಎಣಿಸುತ್ತಾ ಅಮ್ಮನನ್ನು ನೂರು ಹೆಜ್ಜೆ ನಡೆಸಿದೆ. ವಾಕರ್ ಹಿಡಿದು ನಡೆದಾಗ ಬ್ಯಾಂಡ್ ತೋರಿಸಿದ್ದು 41. ನನ್ನ ತೋಳು ಹಿಡಿದು ನಡೆದಾಗ 63. ಕೈ ಬೀಸಿದರೆ ತಾನೆ ಅದಕ್ಕೆ ಗೊತ್ತಾಗೋದು? ವಾಕರ್ ಹಿಡಿದ ಕೈ ಬೀಸೋದಿಲ್ಲ. ನಿಧಾನವಾಗಿ ಕಾಲೆಳೆದು ನಡೆಯುವವರ ಹೆಜ್ಜೆಯೂ ಅದಕ್ಕೆ ಸರಿಯಾಗಿ ಸಿಗೋದಿಲ್ಲ. ಅದೇ ದಿನ ಮೇಜಿನ ಮುಂದೆ ಕೂತು ಚಪಾತಿ ಲಟ್ಟಿಸಿದಳು. ಕೂತಲ್ಲೇ 180 ಹೆಜ್ಜೆ ಜಾಸ್ತಿಯಾಗಿತ್ತು! ಬ್ಯಾಂಡನ್ನು ಕಾಲಿನ ಗಂಟಿನ ಹತ್ತಿರ ಕಟ್ಟಿ ನೋಡಿದಾಗ ನೂರಕ್ಕೆ 94 ಬಂತು. ಲೆಕ್ಕಕ್ಕೆ ಅದು ಒಳ್ಳೆಯದೇ. ಆದರೆ ಅಮ್ಮನ ಪಾದಕ್ಕೆ ಸ್ಪರ್ಶ ಸರಿಯಾಗಿ ಗೊತ್ತಾಗೋದಿಲ್ಲ. ಪಟ್ಟಿ ಉಜ್ಜಿ ಹುಣ್ಣಾದರೂ ನೋವು ತಿಳಿಯೋದಿಲ್ಲ. ಅವತ್ತೇ ಬಿಚ್ಚಿಸಿದೆ.

ಎದೆಬಡಿತದ ಅಂಕಿಯನ್ನೂ ನಾನು ನಂಬಿಕೊಂಡು ಕೂತಿದ್ದೆ. ಅಮ್ಮ ಬಿಪಿಗೆ ಮೆಟೊಪ್ರೊಲಾಲ್ ತಗೊಳ್ಳುತ್ತಾಳೆ. ಆ ಮಾತ್ರೆ ಎದೆಬಡಿತವನ್ನು ಹೆಚ್ಚು ಏರೋದಕ್ಕೆ ಬಿಡೋದಿಲ್ಲ. ಹಾಗಾಗಿ ಎಷ್ಟು ಆಯಾಸವಾದರೂ ಬ್ಯಾಂಡಿಗೆ ಅದು 'ಲಘು ವ್ಯಾಯಾಮ'ವೇ.

ಇದು ಎಷ್ಟು ಮುಖ್ಯ ಅಂತ ಗೊತ್ತಾದದ್ದು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ. ಮೈಸೂರಿನಲ್ಲಿ ಇದ್ದ ಮೇಲೆ ವಾಕಿಂಗ್ ಅಂದರೆ ಕೆರೆಯೇ ಅಂತ ನಾನೂ ಬೆಳಿಗ್ಗೆ ಆರೂವರೆಗೆ ಕರೆದುಕೊಂಡು ಹೋಗುತ್ತಿದ್ದೆ. ಹೊಟ್ಟೆಗೆ ಸಕ್ಕರೆ ಇಲ್ಲದ ಅರ್ಧ ಲೋಟ ಕಾಫಿ ಬಿಟ್ಟರೆ ಏನೂ ಇಲ್ಲ. ಒಂದು ದಿನ ಕಲ್ಲುಬೆಂಚಿನ ಹತ್ತಿರ ನಿಂತುಬಿಟ್ಟಳು. ಕುತ್ತಿಗೆಯೆಲ್ಲ ಬೆವರು. ಮಾತು ತೊದಲುತ್ತಿತ್ತು. ಕೈ ನಡುಕ ಇಲ್ಲ, ಎದೆ ಹೊಡೆದುಕೊಳ್ಳುತ್ತಿಲ್ಲ. ಮೆಟೊಪ್ರೊಲಾಲ್ ಅದನ್ನೆಲ್ಲ ಮುಚ್ಚಿಬಿಡುತ್ತೆ, ಬೆವರನ್ನು ಮಾತ್ರ ಮುಚ್ಚೋದಿಲ್ಲ ಅಂತ ಆಮೇಲೆ ತಿಳಿಯಿತು. ಚೀಲದಲ್ಲಿದ್ದ ಗ್ಲುಕೋಮೀಟರ್‌ನಲ್ಲಿ 58. 70ಕ್ಕಿಂತ ಕೆಳಗೆ ಹೋದರೆ ಕಡಿಮೆ ಅಂತ ಲೆಕ್ಕ. ಬಾಟಲಿ ನೀರಿಗೆ ಮೂರು ಚಮಚ ಸಕ್ಕರೆ ಕದಡಿ ಕುಡಿಸಿದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿದಾಗ 81. ಆಟೋದಲ್ಲಿ ಮನೆಗೆ ಬಂದೆವು. ಬರಿಹೊಟ್ಟೆಯ ಬೆಳಗಿನ ವಾಕಿಂಗ್ ಅಲ್ಲಿಗೆ ನಿಂತಿತು.

ಬ್ಯಾಂಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅರವತ್ತರ ಆಸುಪಾಸಿನಲ್ಲಿ ಕೈಬೀಸಿ ನಡೆಯುವವರಿಗೆ ಸರಿಹೋಗುತ್ತೆ. ಆದರೆ ಚುಚ್ಚದೆ ರಕ್ತದ ಸಕ್ಕರೆ ತೋರಿಸುತ್ತೆ ಅಂತ ಯಾರಾದರೂ ವಾಚು, ಉಂಗುರ ಮಾರಲು ಬಂದರೆ ದಯವಿಟ್ಟು ತಗೋಬೇಡಿ. ಅಂಥ ಯಾವ ಸಾಧನಕ್ಕೂ ಒಪ್ಪಿಗೆ ಕೊಟ್ಟಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಸಿದೆ. ತಪ್ಪು ಅಂಕಿ ನೋಡಿ ಮಾತ್ರೆ, ಇನ್ಸುಲಿನ್ ಹೆಚ್ಚುಕಡಿಮೆ ಮಾಡಿಕೊಂಡರೆ ಜೀವಕ್ಕೇ ಅಪಾಯ.

ಎರಡನೆಯದು ಫೋನು. ಅಮ್ಮನ ಹಳೆಯ ಫೋನನ್ನು ಬಟ್ಟೆಚೀಲಕ್ಕೆ ಹಾಕಿ ಸೊಂಟಕ್ಕೆ ಕಟ್ಟಿದೆ. ನೂರಕ್ಕೆ 88 ಬಂತು. ಸೊಂಟದ ಅಲುಗಾಟ ಅದಕ್ಕೆ ಚೆನ್ನಾಗಿ ಸಿಗುತ್ತೆ. ಖರ್ಚೂ ಇಲ್ಲ. ಆದರೆ ಬಚ್ಚಲಿಗೆ ಹೋಗುವಾಗ, ದೇವರ ಮನೆಗೆ ಹೋಗುವಾಗ ಬಿಚ್ಚಿಡೋಳು. ಮತ್ತೆ ಕಟ್ಟಿಕೊಳ್ಳೋದು ಮರೆಯೋಳು. ಮೂರು ವಾರಕ್ಕೆ ಸಾಕಾಯ್ತು.

ಮೂರನೆಯದು ತೋಳಿಗೆ ಅಂಟಿಸುವ ಸಕ್ಕರೆ ಸೆನ್ಸರ್. ಹದಿನಾಲ್ಕು ದಿನದ್ದು. ಕೆರೆಯ ಘಟನೆ ಕೇಳಿದ ಮೇಲೆ ಡಾಕ್ಟರೇ ಹಾಕಿಸಿದರು. ದುಬಾರಿ, ತಿಂಗಳು ತಿಂಗಳು ನಮ್ಮ ಕೈಲಾಗೋದಿಲ್ಲ. ಆದರೆ ಒಂದೇ ಸಲ ಹಾಕಿಸಿದರೂ ಇಷ್ಟು ತಿಳಿಯುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. ಬೆಳಗಿನ ಜಾವ ಮೂರರ ಹೊತ್ತಿಗೆ ಗೆರೆ 60ರ ಹತ್ತಿರ ಇಳಿಯುತ್ತಿತ್ತು. ಸೆನ್ಸರ್ ಇರುವ ತೋಳಿನ ಮೇಲೆ ಮಲಗಿದರೆ ಸುಳ್ಳು ಇಳಿತವೂ ಕಾಣಿಸಬಹುದು ಅಂದಿದ್ದರು. ಹಾಗಾಗಿ ಎರಡು ರಾತ್ರಿ ಅಲಾರಂ ಇಟ್ಟು ಎದ್ದು ಬೆರಳು ಚುಚ್ಚಿ ನೋಡಿದೆ. 66, 64. ನಿಜವೇ.

ಡಾಕ್ಟರು ರಾತ್ರಿಯ ಗ್ಲಿಮೆಪಿರೈಡ್ ಅನ್ನೋ ಸಕ್ಕರೆ ಮಾತ್ರೆ ನಿಲ್ಲಿಸಿದರು. ನಾವು ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಅಂಕಿ, 6.5ಕ್ಕೆ ತರಬೇಕು ಅಂತ ವರ್ಷಗಟ್ಟಲೆ ಹಟ ಹಿಡಿದಿದ್ದೆವು. "ಇವರ ಸ್ಥಿತಿಗೆ 8ರೊಳಗೆ ಇದ್ದರೆ ಸಾಕು, ಬೀಳದೇ ಇರೋದು ಮುಖ್ಯ" ಅಂದರು. ನಮಗೆ ಸಿಕ್ಕ ದೊಡ್ಡ ಬದಲಾವಣೆ ಇದೇ. ನಿಮ್ಮ ಮನೆಯ ಹಿರಿಯರ ಗುರಿ ಎಷ್ಟಿರಬೇಕು ಅಂತ ಒಂದು ಸಲ ಡಾಕ್ಟರನ್ನು ಕೇಳಿ. ಮಾತ್ರೆಯನ್ನು ಮಾತ್ರ ನಾವೇ ನಿಲ್ಲಿಸಬಾರದು.

ಊಟದ ವಿಷಯವೂ ಸೆನ್ಸರಿನಿಂದಲೇ ತಿರುಗಿತು. ಸಕ್ಕರೆ ಕಾಯಿಲೆ ಅಂದ ತಕ್ಷಣ ತಿನ್ನೋದನ್ನೇ ಕಡಿಮೆ ಮಾಡಿಸುತ್ತೇವಲ್ಲ, ನಾವೂ ಹಾಗೇ ಮಾಡಿದ್ದೆವು. ರಾತ್ರಿಗೆ ಒಂದು ಚಪಾತಿ, ನೀರು ಮಜ್ಜಿಗೆ. 43 ಕಿಲೋದ ಜೀವಕ್ಕೆ ಅದು ಪಥ್ಯ ಅಲ್ಲ, ಉಪವಾಸ. ದಪ್ಪಗಿರುವವರಿಗೆ ಹೇಳುವ ಮಾತನ್ನು ಸವೆಯುತ್ತಿರುವವರಿಗೂ ಹೇಳಬಾರದು. ಕಿಡ್ನಿ ಪರೀಕ್ಷೆ ಮಾಡಿಸಿ, ಸರಿ ಇದೆ ಅಂತ ಗೊತ್ತಾದ ಮೇಲೆ ಪ್ರೋಟೀನ್ ಜಾಸ್ತಿ ಮಾಡಿದೆವು. ಬೆಳಿಗ್ಗೆ ಒಂದು ಮೊಟ್ಟೆ, ಮಧ್ಯಾಹ್ನ ಬೇಳೆ ಗಟ್ಟಿಯಾಗಿರುವ ಹುಳಿ, ಸಂಜೆ ಹೆಸರುಕಾಳಿನ ಉಸಲಿ, ರಾತ್ರಿ ಗಟ್ಟಿ ಮೊಸರು. ವಯಸ್ಸಾದವರಿಗೆ ಕಿಲೋ ತೂಕಕ್ಕೆ ಸುಮಾರು 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ. ಮೊಟ್ಟೆಯಲ್ಲಿ ಸಿಗೋದು 6 ಗ್ರಾಂ. ಹಾಗಾಗಿ ಒಂದೇ ಹೊತ್ತಿಗೆ ತುಂಬಿಸೋದಕ್ಕಾಗೋದಿಲ್ಲ, ಹಂಚಲೇಬೇಕು.

ಕೆರೆ ವಾಕಿಂಗಿನ ಜಾಗಕ್ಕೆ ಬಂದದ್ದು ಊಟದ ನಂತರ ಜಗಲಿಯಲ್ಲಿ ಎಂಟು ಹತ್ತು ನಿಮಿಷದ ಓಡಾಟ. ತಟ್ಟೆ ಬಿಟ್ಟು ಎದ್ದ ಕೂಡಲೇ ಅಲ್ಲ. ಊಟವಾದ ಮೇಲೆ ಹಿರಿಯರ ಬಿಪಿ ಕೆಲವೊಮ್ಮೆ ಇಳಿಯುತ್ತೆ. ಇಪ್ಪತ್ತು ನಿಮಿಷ ಕೂತು, ತಲೆ ಹಗುರಾಗಿಲ್ಲ ತಾನೆ ಅಂತ ಕೇಳಿಕೊಂಡು, ಚಪ್ಪಲಿ ಹಾಕಿಸಿ ಎಬ್ಬಿಸುತ್ತೇನೆ. ಮನೆಯೊಳಗೂ ಬರಿಗಾಲಿಲ್ಲ. ಓಡಾಡಿದ ದಿನ ಸೆನ್ಸರಿನ ಗೆರೆ 200 ಮುಟ್ಟಿ ಇಳಿಯುತ್ತಿತ್ತು. ಮಲಗಿದ ದಿನ 240 ದಾಟುತ್ತಿತ್ತು.

ಈಗ ಕ್ಯಾಲೆಂಡರಿನ ವಿಷಯ. ಅಡುಗೆಮನೆ ಗೋಡೆಯ ಮೇಲಿನದ್ದು, ಅಮ್ಮ ಹಾಲಿನ ಲೆಕ್ಕ ಬರೆಯೋದು. ಮೊಳೆಗೆ ದಾರ ಕಟ್ಟಿ ಪೆನ್ಸಿಲ್ ಇಳಿಬಿಟ್ಟಿದೆ. ಸೆನ್ಸರ್ ಕಳಚಿದ ದಿನ ಅದರಲ್ಲೇ ಶುರು ಮಾಡಿದೆವು. ಹೆಜ್ಜೆ ಎಣಿಸೋದನ್ನೇ ಬಿಟ್ಟೆವು. ಎಣಿಸೋದು ಕುರ್ಚಿಯಿಂದ ಎಷ್ಟು ಸಲ ಎದ್ದಳು ಅಂತ. 2014ರಲ್ಲಿ ಬಂದ ಅಮೆರಿಕದ 'ಲೈಫ್' ಅಧ್ಯಯನದಲ್ಲಿ 70ರಿಂದ 89 ವಯಸ್ಸಿನ 1,635 ಜನ ಇದ್ದರು. ನಡಿಗೆಯ ಜೊತೆ ಕಾಲಿನ ಬಲ, ಸಮತೋಲನದ ವ್ಯಾಯಾಮ ಮಾಡಿದವರಲ್ಲಿ 400 ಮೀಟರ್ ನಡೆಯುವ ಶಕ್ತಿ ಕಳೆದುಕೊಂಡವರು ಕಡಿಮೆ. ನಡಿಗೆ ಒಂದೇ ಅಲ್ಲ, ತೊಡೆಯ ಬಲವೂ ಬೇಕು. ಬ್ಯಾಂಡಿಗೆ ಅದು ಕಾಣೋದೇ ಇಲ್ಲ.

ಕುರ್ಚಿಯ ಬೆನ್ನು ಗೋಡೆಗೆ ತಾಗಿರಬೇಕು. ಎತ್ತರ ಸುಮಾರು 43 ಸೆಂಟಿಮೀಟರ್. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತೆ. ನಾನು ಮುಂದೆ ನಿಂತಿರುತ್ತೇನೆ. "ಏಳಮ್ಮ" ಅಂದರೆ ಮೂಗು ಮುಂದಕ್ಕೆ ತಂದು, ಪಾದ ಒತ್ತಿ ಏಳುತ್ತಾಳೆ. ಕೂರುವಾಗ ನಿಧಾನ, ಅಲ್ಲೇ ಬಲ ಬರೋದು. ಐದು ಸಲಕ್ಕೆ ಒಂದು ಗೀಟು. ಕೈ ಊರಿದರೆ ಅಡ್ಡಗೀಟು. ತಲೆ ಸುತ್ತಿದ ದಿನ ಒಂದು ಸೊನ್ನೆ. ಈ ಗುರುತುಗಳೆಲ್ಲ ಅಮ್ಮನವೇ. ಸೊನ್ನೆಗಳನ್ನು ನೋಡಿಯೇ ಡಾಕ್ಟರು ಅಮ್ಮನನ್ನು ಎದ್ದು ನಿಲ್ಲಿಸಿ ಬಿಪಿ ಅಳೆದು, ಬಿಪಿ ಮಾತ್ರೆಯ ಹೊತ್ತು ಬದಲಿಸಿದರು.

ತಿಂಗಳಿಗೊಮ್ಮೆ 30 ಸೆಕೆಂಡಿನ ಪರೀಕ್ಷೆ. ಕೈ ಎದೆಗೆ ಕಟ್ಟಿಕೊಂಡು ಎಷ್ಟು ಸಲ ಏಳೋದಕ್ಕಾಗುತ್ತೆ ಅಂತ. ಕೈ ಊರಿದರೆ ಅಂಕ ಸೊನ್ನೆ. ಅಮ್ಮ ಶುರು ಮಾಡಿದ್ದು ಸೊನ್ನೆಯಿಂದಲೇ. ಆರನೇ ವಾರಕ್ಕೆ 4, ನಾಲ್ಕನೇ ತಿಂಗಳಿಗೆ 8. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿಯ ಪಟ್ಟಿಯಲ್ಲಿ 75ರಿಂದ 79ರ ಹೆಂಗಸರಿಗೆ 10ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಇದೆ ಅಂತ. ಅಂದರೆ ನಾವಿನ್ನೂ ದಾಟಿಲ್ಲ. ಆದರೆ ತೂಕ 44.8ಕ್ಕೆ ಬಂದಿದೆ, ಎಚ್‌ಬಿಎ1ಸಿ 7.7, ಸಕ್ಕರೆ 70ರ ಕೆಳಗೆ ಹೋಗದೆ ಹತ್ತು ವಾರವಾಯ್ತು. ಬಚ್ಚಲುಮನೆಯಿಂದ ನನ್ನನ್ನು ಕೂಗೋದು ನಿಂತಿದೆ.

ಕ್ಯಾಲೆಂಡರಿನಲ್ಲೂ ತೊಂದರೆ ಇದೆ. ನಾನು ಊರಿನಲ್ಲಿ ಇಲ್ಲದಾಗ ಏನಾಯ್ತು ಅಂತ ಅದು ಹೇಳೋದಿಲ್ಲ. ಮಕ್ಕಳು ದೂರದಲ್ಲಿದ್ದು ಹಿರಿಯರಿಬ್ಬರೇ ಇರುವ ಮನೆಗೆ ಫೋನಿನ ಲೆಕ್ಕ ಇರಲಿ, ಆದರೆ ದಿನಕ್ಕೆ ಎಷ್ಟು ಅಂತ ಬೈಯಬೇಡಿ. ಹೋದ ವಾರಕ್ಕೆ ಹೋಲಿಸಿ ನೋಡಿ. ಒಂದೇ ಸಲ ಅರ್ಧಕ್ಕೆ ಇಳಿದರೆ ಜ್ವರವೋ, ಕಾಲಿನ ಹುಣ್ಣೋ, ಏನೋ ಇರಬಹುದು ಅಂತ ಅರ್ಥ. ರಾತ್ರಿ ಸಕ್ಕರೆ ಇಳಿಯುವ ಅನುಮಾನ ಇದ್ದರೆ, ಬ್ಯಾಂಡಿಗೆ ಹಾಕುವ ದುಡ್ಡನ್ನು ಡಾಕ್ಟರನ್ನು ಕೇಳಿ ಹದಿನಾಲ್ಕು ದಿನದ ಸೆನ್ಸರಿಗೆ ಹಾಕಿ.

ಹೋದ ಸೋಮವಾರದಿಂದ ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ನಿಲ್ಲೋದನ್ನು ಶುರು ಮಾಡಿದ್ದೇವೆ. ಹಾಲು ಕಾಯುವಷ್ಟು ಹೊತ್ತು. ಅದಕ್ಕೆ ಯಾವ ಗುರುತು ಹಾಕಬೇಕು ಅಂತ ಅಮ್ಮ ಇನ್ನೂ ಯೋಚಿಸುತ್ತಿದ್ದಾಳೆ.