ಎಲ್‌ಸ್ಯಾಟ್ ಕಂಡಿಷನಲ್ ರೀಸನಿಂಗ್ ಕೋರ್ಸ್: ಬಾಣ ಹಾಕುವುದನ್ನು ಕಲಿಸುತ್ತದೆ, ಎಲ್ಲಿ ಹಾಕಬಾರದು ಅಂತ ಹೇಳುವುದಿಲ್ಲ

ಅಮೆರಿಕ, ಕೆನಡಾದ ಲಾ ಸ್ಕೂಲ್‌ಗಳಿಗೆ ಸೇರಲು ಬರೆಯುವ ಎಲ್‌ಸ್ಯಾಟ್‌ಗೆ ತಯಾರಿ ಮಾಡಿಸುವ ಆನ್‌ಲೈನ್ ಕೋರ್ಸ್‌ಗಳು ಬೇಕಾದಷ್ಟಿವೆ. ನಾನು ತೆಗೆದುಕೊಂಡದ್ದು ಪೂರ್ತಿ ಪರೀಕ್ಷೆಯ ಕೋರ್ಸ್ ಅಲ್ಲ, ಕಂಡಿಷನಲ್ ರೀಸನಿಂಗ್ ಒಂದಕ್ಕೇ, ಅಂದರೆ ‘ಹೀಗಿದ್ದರೆ ಹೀಗೆ’ ಅನ್ನುವ ನಿಯಮಗಳಿಂದ ತರ್ಕ ಮಾಡುವುದಕ್ಕೇ ಇರುವಂಥದ್ದು. ವಿಡಿಯೊ ಪಾಠಗಳು, ಜೊತೆಗೆ ಒಂದು ಪಿಡಿಎಫ್ ಅಭ್ಯಾಸ ಪುಸ್ತಕ. ಕಂಪನಿಯ ಹೆಸರು ಹಾಕುತ್ತಿಲ್ಲ. ಇದೇ ಅಚ್ಚಿನ ಕೋರ್ಸ್‌ಗಳು ಹಲವು ಇವೆ, ಯಾವುದನ್ನು ಕೊಳ್ಳುವಾಗಲೂ ಏನು ನೋಡಬೇಕು ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಮೊದಲ ಭಾಗ ನಿಜಕ್ಕೂ ಚೆನ್ನಾಗಿದೆ. ಸಫಿಷಿಯೆಂಟ್ (ಇದ್ದರೆ ಸಾಕು ಅನ್ನುವ ಷರತ್ತು) ಯಾವುದು, ನೆಸೆಸರಿ (ಇರಲೇಬೇಕಾದ ಷರತ್ತು) ಯಾವುದು, ಒಂದರಿಂದ ಇನ್ನೊಂದಕ್ಕೆ ಎಳೆಯುವ ಬಾಣ ಯಾವ ಕಡೆ ಹೋಗಬೇಕು ಅನ್ನುವುದನ್ನು ಆ ಟೀಚರ್ ಅವಸರವಿಲ್ಲದೆ ಹೇಳುತ್ತಾರೆ. ಅವರ ಕ್ರಮವನ್ನು ನನ್ನದೇ ಒಂದು ಉದಾಹರಣೆಯಲ್ಲಿ ತೋರಿಸುತ್ತೇನೆ. ಒಂದು ಗ್ರಂಥಾಲಯದ ನಿಯಮ ಹೀಗಿದೆ ಅಂದುಕೊಳ್ಳಿ: ನಿರ್ದೇಶಕರು ಸಹಿ ಹಾಕದ ಹೊರತು ಹಸ್ತಪ್ರತಿ ಹೊರಗೆ ಹೋಗುವುದಿಲ್ಲ. ಹಸ್ತಪ್ರತಿಗೆ ವಿಮೆ ಇದ್ದರೆ ಮಾತ್ರ ನಿರ್ದೇಶಕರು ಸಹಿ ಹಾಕುತ್ತಾರೆ.

ಮೊದಲ ವಾಕ್ಯ ಇಂಗ್ಲಿಷಿನಲ್ಲಿ ಬಂದರೆ ಅಲ್ಲಿ ‘ಅನ್‌ಲೆಸ್’ ಇರುತ್ತದೆ. ತುಂಬಾ ಜನ ಎಡವುವುದು ಇಲ್ಲೇ. ಕೋರ್ಸ್ ಕೊಡುವ ಸೂತ್ರ ಸರಳ: ಅನ್‌ಲೆಸ್ ಆದಮೇಲೆ ಬರುವ ಭಾಗ ಬಾಣದ ಮೊನೆಗೆ, ಉಳಿದ ಭಾಗವನ್ನು ತಿರುವಿ ಬಾಣದ ಬುಡಕ್ಕೆ. ‘ಹೊರಗೆ ಹೋಗುವುದಿಲ್ಲ’ ಅನ್ನುವುದನ್ನು ತಿರುವಿದರೆ ‘ಹೊರಗೆ ಹೋಗುತ್ತದೆ’. ಹಾಗಾಗಿ ಹೊರಗೆ → ಸಹಿ. ಎರಡನೆಯ ವಾಕ್ಯದಿಂದ ಸಹಿ → ವಿಮೆ. ಎರಡರಲ್ಲೂ ‘ಸಹಿ’ ಇದೆ, ಆದ್ದರಿಂದ ಸರಪಳಿ ಕೂಡುತ್ತದೆ: ಹೊರಗೆ → ಸಹಿ → ವಿಮೆ. ಇದರ ಕಾಂಟ್ರಾಪಾಸಿಟಿವ್ (ಇದೇ ಅರ್ಥದ ತಿರುಗಿಸಿದ ರೂಪ) ಬೇಕಾದರೆ ದಿಕ್ಕು ತಿರುಗಿಸಿ, ಪ್ರತಿಯೊಂದಕ್ಕೂ ‘ಇಲ್ಲ’ ಸೇರಿಸಿ: ವಿಮೆ ಇಲ್ಲ → ಸಹಿ ಇಲ್ಲ → ಹೊರಗೆ ಇಲ್ಲ. ವಿಮೆ ಇಲ್ಲದ ಹಸ್ತಪ್ರತಿ ಹೊರಗೆ ಹೋಗುವುದಿಲ್ಲ ಅನ್ನುವುದು ಖಚಿತ. ಆದರೆ ‘ವಿಮೆ ಇದೆ, ಹಾಗಾಗಿ ಹೊರಗೆ ಹೋಗಬಹುದು’ ಅನ್ನುವ ಆಯ್ಕೆ ತಪ್ಪು. ಬಾಣವನ್ನು ಸುಮ್ನೆ ಹಿಂದಕ್ಕೆ ಓದಿದ ಹಾಗಾಯಿತು ಅದು. ಪರೀಕ್ಷೆಯಲ್ಲಿ ಈ ತಪ್ಪು ಆಯ್ಕೆ ನೋಡಲು ಎಷ್ಟು ಸಹಜವಾಗಿರುತ್ತದೆ ಅಂದರೆ, ಬಾಣ ಕಣ್ಣ ಮುಂದೆ ಇಲ್ಲದಿದ್ದರೆ ಕೈ ತಾನಾಗಿ ಅದರ ಮೇಲೇ ಹೋಗುತ್ತದೆ.

‘ಮತ್ತು’, ‘ಅಥವಾ’ ಬಂದಾಗ ಏನು ಮಾಡಬೇಕು ಅನ್ನುವ ಪಾಠವೂ ಗಟ್ಟಿಯಾಗಿದೆ. ಸಹಿಗೆ ವಿಮೆಯೂ ಬೇಕು, ಗಾಜಿನ ಪೆಟ್ಟಿಗೆಯೂ ಬೇಕು ಅಂತಿದ್ದರೆ, ತಿರುವಿದಾಗ ‘ಎರಡೂ ಇಲ್ಲದಿದ್ದರೆ’ ಅಂತ ಬರೆಯಬಾರದು. ಯಾವುದಾದರೂ ಒಂದು ಇಲ್ಲದಿದ್ದರೂ ಸಹಿ ಇಲ್ಲ.

ನನಗೆ ಅತಿ ಹೆಚ್ಚು ಹಿಡಿಸಿದ್ದು ಸಫಿಷಿಯೆಂಟ್ ಅಸಂಪ್ಷನ್ ಪ್ರಶ್ನೆಗಳ ಪಾಠ. ಈ ಪ್ರಶ್ನೆಗಳಲ್ಲಿ ವಾದಕ್ಕೆ ಒಂದು ಕೊಂಡಿ ಬಿಟ್ಟುಹೋಗಿರುತ್ತದೆ, ಅದನ್ನು ನಾವು ಹುಡುಕಿ ಕೊಡಬೇಕು. ಮೇಲಿನ ನಿಯಮಗಳನ್ನೇ ಇಟ್ಟುಕೊಂಡು ಯಾರೋ ‘ಆದ್ದರಿಂದ ಹೊರಗೆ ಹೋಗುವ ಪ್ರತಿ ಹಸ್ತಪ್ರತಿಗೂ ಬೆಲೆ ಕಟ್ಟಿರುತ್ತಾರೆ’ ಅಂತ ತೀರ್ಮಾನಿಸಿದರು ಅನ್ನಿ. ನಮ್ಮ ಕೈಯಲ್ಲಿರುವುದು ಹೊರಗೆ → ಸಹಿ → ವಿಮೆ. ಬೇಕಾಗಿರುವುದು ಹೊರಗೆ → ಬೆಲೆ. ಹಾಳೆಯ ಮೇಲೆ ಒಂದರ ಕೆಳಗೆ ಒಂದು ಬರೆದರೆ ಎಲ್ಲಿ ಕಡಿದಿದೆ ಅನ್ನುವುದು ಕಾಣಿಸಿಬಿಡುತ್ತದೆ: ವಿಮೆ → ಬೆಲೆ. ಆಯ್ಕೆಗಳಲ್ಲಿ ಉಲ್ಟಾ ಬಾಣ, ಬೆಲೆ → ವಿಮೆ, ಕೂಡ ಇದ್ದೇ ಇರುತ್ತದೆ, ಅದು ತಪ್ಪು. ಆಯ್ಕೆಗಳನ್ನು ನೋಡುವ ಮೊದಲೇ ಉತ್ತರವನ್ನು ಬರೆದಿಟ್ಟುಕೊಳ್ಳಿ ಅಂತ ಟೀಚರ್ ಪದೇ ಪದೇ ಹೇಳುತ್ತಾರೆ. ಆ ಒಂದು ಅಭ್ಯಾಸಕ್ಕೇ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿತು.

ಈಗ ಬೇಸರದ ವಿಷಯಗಳು. ಅವೂ ಸಣ್ಣವಲ್ಲ.

ಕೋರ್ಸ್ ಹಳೆಯದು. 2024ರ ಆಗಸ್ಟ್‌ನಿಂದ ಎಲ್‌ಸ್ಯಾಟ್‌ನಲ್ಲಿ ಲಾಜಿಕ್ ಗೇಮ್ಸ್ ವಿಭಾಗವೇ ಇಲ್ಲ. ಚಿತ್ರ ಬರೆದು ಬಿಡಿಸುವ ಆ ಗೇಮ್ಸ್ ತಮಗೆ ಅನ್ಯಾಯ ಅಂತ ಅಂಧ ಅಭ್ಯರ್ಥಿಗಳು ಕಾನೂನು ಹೋರಾಟ ಮಾಡಿದ್ದರು, 2019ರಲ್ಲಿ ರಾಜಿಯಾಯಿತು, ಬದಲಾವಣೆ ಬಂದದ್ದು ಅದರಿಂದ. ಈಗ ಅಂಕ ಸಿಗುವುದು ಎರಡು ಲಾಜಿಕಲ್ ರೀಸನಿಂಗ್ (ಚಿಕ್ಕ ವಾದಗಳ ಮೇಲಿನ ಪ್ರಶ್ನೆಗಳು), ಒಂದು ರೀಡಿಂಗ್ ಕಾಂಪ್ರಹೆನ್ಷನ್ (ಓದಿ ಅರ್ಥಮಾಡಿಕೊಳ್ಳುವ) ವಿಭಾಗಕ್ಕೆ. ನಾಲ್ಕನೆಯದೂ ಒಂದಿರುತ್ತದೆ, ಅದಕ್ಕೆ ಅಂಕ ಇಲ್ಲ. ಹೀಗಿದ್ದರೂ ಈ ಕೋರ್ಸ್‌ನ ಮಧ್ಯಭಾಗದಲ್ಲಿ ಇನ್ನೂ ಗೇಮ್ಸ್ ಇವೆ, ಯಾರು ಯಾವ ಕುರ್ಚಿಯಲ್ಲಿ ಕೂರುತ್ತಾರೆ ಅನ್ನುವಂಥವು. ಬಾಣದ ನಿಯಮ ಅಲ್ಲೂ ಒಂದೇ, ಒಪ್ಪುತ್ತೇನೆ. ಆದರೆ ಗೇಮ್ಸ್‌ನಲ್ಲಿ ನಿಯಮಗಳನ್ನು ಬಿಡಿಬಿಡಿಯಾಗಿ, ನೇರವಾಗಿ ಕೊಟ್ಟಿರುತ್ತಾರೆ. ಲಾಜಿಕಲ್ ರೀಸನಿಂಗ್‌ನಲ್ಲಿ ಅದೇ ನಿಯಮ ಉದ್ದದ ವಾಕ್ಯದೊಳಗೆ ಹುದುಗಿರುತ್ತದೆ. ಅದನ್ನು ಹೊರಗೆ ತೆಗೆಯುವುದೇ ಅರ್ಧ ಕೆಲಸ, ಆ ಅಭ್ಯಾಸ ಇಲ್ಲಿ ಕಡಿಮೆ.

ಟೀಚರ್ ಸ್ಟೈಲಸ್ ಹಿಡಿದು ಪ್ರಶ್ನೆಯ ಮೇಲೇ ಬಾಣ ಎಳೆಯುತ್ತಾರೆ. ನೋಡಲು ಚೆಂದ. ಆದರೆ ನಿಜವಾದ ಪರೀಕ್ಷೆಯ ಪರದೆಯಲ್ಲಿ ಹೈಲೈಟ್ ಮಾಡಬಹುದು, ಅಡಿಗೆರೆ ಹಾಕಬಹುದು, ಬಾಣ ಎಳೆಯಲಾಗುವುದಿಲ್ಲ. ಚಿತ್ರ ಬರೆಯಬೇಕಾದರೆ ಪಕ್ಕದ ಹಾಳೆಗೇ ಹೋಗಬೇಕು, ಕಣ್ಣು ಅಲ್ಲಿಂದ ಇಲ್ಲಿಗೆ ಓಡಾಡುತ್ತಲೇ ಇರಬೇಕು. ಅದಕ್ಕೆ ಚಿಕ್ಕ ಗುರುತುಗಳನ್ನು ಮಾಡಿಕೊಳ್ಳುವುದು ಹೇಗೆ, ಎರಡು ಪದ ಒಂದೇ ಅಕ್ಷರದಿಂದ ಶುರುವಾದರೆ ಏನು ಮಾಡುವುದು, ಇಂಥ ಕೆಲಸಕ್ಕೆ ಬರುವ ಮಾತು ಒಂದೂ ಇಲ್ಲ.

ಅಭ್ಯಾಸ ಪುಸ್ತಕದ ಕೀವರ್ಡ್ ಪಟ್ಟಿಯಲ್ಲಿ (ಬಾಣದ ದಿಕ್ಕು ಸೂಚಿಸುವ ಪದಗಳ ಪಟ್ಟಿ) ‘ಓನ್ಲಿ’, ‘ದಿ ಓನ್ಲಿ’ ಎರಡನ್ನೂ ಒಂದೇ ಗುಂಪಿಗೆ ಹಾಕಿದ್ದಾರೆ. ಇದು ತಪ್ಪು. ‘ಓನ್ಲಿ ಮೆಂಬರ್ಸ್ ವೋಟ್’ ಅಂದರೆ ಓನ್ಲಿ ಪಕ್ಕದ ಮೆಂಬರ್ಸ್ ಬಾಣದ ಮೊನೆಗೆ ಹೋಗುತ್ತದೆ: ವೋಟ್ → ಮೆಂಬರ್. ‘ದಿ ಓನ್ಲಿ ಪೀಪಲ್ ಹೂ ವೋಟ್ ಆರ್ ಮೆಂಬರ್ಸ್’ ಅಂದಾಗಲೂ ಬಾಣ ಅದೇ, ಆದರೆ ಇಲ್ಲಿ ದಿ ಓನ್ಲಿ ಪಕ್ಕದಲ್ಲಿರುವ ವೋಟ್ ಹಾಕುವವರು ಬುಡಕ್ಕೆ ಬರುತ್ತಾರೆ. ಪಟ್ಟಿಯನ್ನು ನಂಬಿ ಕಣ್ಣುಮುಚ್ಚಿ ಬಾಣ ಹಾಕಿದರೆ ಉಲ್ಟಾ ಆಗುತ್ತದೆ. ಸಪೋರ್ಟ್‌ಗೆ ಬರೆದೆ, ‘ಪರಿಶೀಲಿಸುತ್ತೇವೆ’ ಅಂತ ಉತ್ತರ ಬಂತು, ಪಿಡಿಎಫ್ ಮಾತ್ರ ಹಾಗೇ ಇದೆ. ದುಡ್ಡು ಕೊಟ್ಟು ಕಲಿಯುವವರಿಗೆ ಹೀಗೆ ಮಾಡಬಾರದು ಅಲ್ವಾ?

‘ಕೆಲವು’, ‘ಹೆಚ್ಚಿನವು’ ಬಗ್ಗೆ ಒಂದೇ ಒಂದು ಗಡಿಬಿಡಿಯ ವಿಡಿಯೊ ಇದೆ. ‘ಕೆಲವು’ ಅನ್ನುವ ವಾಕ್ಯವನ್ನು ಎರಡೂ ಕಡೆಯಿಂದ ಓದಬಹುದು, ಆದರೆ ಅದಕ್ಕೆ ಕಾಂಟ್ರಾಪಾಸಿಟಿವ್ ಇಲ್ಲ. ಇಷ್ಟನ್ನಾದರೂ ನಿಧಾನವಾಗಿ ಹೇಳಬೇಕಿತ್ತು.

ಎಲ್ಲಕ್ಕಿಂತ ದೊಡ್ಡ ಕೊರತೆ ಸಮಯದ ಲೆಕ್ಕ. ಒಂದು ವಿಭಾಗಕ್ಕೆ 35 ನಿಮಿಷ, ಸುಮಾರು 25 ಪ್ರಶ್ನೆ. ಒಂದಕ್ಕೆ ಒಂದೂವರೆ ನಿಮಿಷವೂ ಸಿಗುವುದಿಲ್ಲ. ‘ಇಫ್’ ಕಂಡಲ್ಲೆಲ್ಲ ಚಿತ್ರ ಬರೆಯುತ್ತಾ ಕೂತರೆ ಕೊನೆಯ ಪ್ರಶ್ನೆಗಳನ್ನು ಓದುವುದಕ್ಕೂ ಆಗುವುದಿಲ್ಲ. ಈ ಕೋರ್ಸ್ ಎಲ್ಲದಕ್ಕೂ ಚಿತ್ರ ಬರೆಸುತ್ತದೆ. ಎರಡು ಅಥವಾ ಹೆಚ್ಚು ನಿಯಮಗಳಿದ್ದು ಅವುಗಳಲ್ಲಿ ಒಂದೇ ಪದ ಮರಳಿ ಬಂದರೆ ಬರೆಯಿರಿ, ಒಂದೇ ನಿಯಮ ಇದ್ದರೆ ತಲೆಯಲ್ಲೇ ಇಟ್ಟುಕೊಳ್ಳಿ ಅನ್ನುವುದು ನನ್ನ ಸಲಹೆ. ಕಾರಣ ಮತ್ತು ಪರಿಣಾಮದ ವಾದ, ಸಮೀಕ್ಷೆ ಹಿಡಿದು ಮಾಡಿದ ವಾದ, ಇವಕ್ಕೆ ಬಾಣದಿಂದ ಪ್ರಯೋಜನವೇ ಇಲ್ಲ.

ಐದಕ್ಕೆ ಮೂರು ಕೊಡುತ್ತೇನೆ. ಬಾಣದ ವಿಷಯ ಏನೇನೂ ಗೊತ್ತಿಲ್ಲದವರು ಮೊದಲ ಭಾಗ ಮತ್ತು ಅಸಂಪ್ಷನ್ ಪಾಠ ನೋಡಿ, ಗೇಮ್ಸ್ ಬಿಟ್ಟುಬಿಡಿ, ಕೀವರ್ಡ್ ಪಟ್ಟಿಯನ್ನು ಕೈಯಾರೆ ತಿದ್ದಿಕೊಳ್ಳಿ. ಪರೀಕ್ಷೆ ನಡೆಸುವ ಎಲ್‌ಎಸ್‌ಎಸಿಯ ಲಾಹಬ್ ಜಾಲತಾಣದಲ್ಲಿ ಉಚಿತ ಖಾತೆಗೇ ಕೆಲವು ಪೂರ್ತಿ ಟೆಸ್ಟ್‌ಗಳು ಸಿಗುತ್ತವೆ. ಅಭ್ಯಾಸವನ್ನು ಅಲ್ಲಿ, ಗಡಿಯಾರ ಇಟ್ಟುಕೊಂಡು ಮಾಡಿ. ಕಾಂಟ್ರಾಪಾಸಿಟಿವ್ ಆಗಲೇ ಸಲೀಸಾಗಿ ಬರುವವರಿಗೆ ಈ ಕೋರ್ಸ್ ಬೇಡ.